ಕೆಮ್ಮು, ಜ್ವರ, ಘಾಟಿ ರಸ್ತೆ: ಕೊಡಗಿನಲ್ಲಿ ಕೂತು ಯಾವ ವೈರಸ್ ಟೆಸ್ಟ್ ಆರಿಸಬೇಕು?

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ. ಕೊಡವರ ಕಕ್ಕಡ ತಿಂಗಳು ಇನ್ನೂ ಮುಗಿದಿರಲಿಲ್ಲ. ನಾಪೋಕ್ಲು ಕಡೆಯಿಂದ ಜೀಪಿನಲ್ಲಿ ಬಂದ ಒಬ್ಬರು ನಮ್ಮ ಲ್ಯಾಬಿನ ಕೌಂಟರ್ ಮುಂದೆ ನಿಂತರು. ಕೊಡೆಯಿಂದ ನೀರು ಸುರಿಯುತ್ತಿರುವಾಗಲೇ ಮೊಬೈಲ್ ಚಾಚಿದರು. ಅದರಲ್ಲಿ ಬೆಂಗಳೂರಿನ ಯಾವುದೋ ಲ್ಯಾಬಿನ ಟೆಸ್ಟ್ ಪಟ್ಟಿ ಇತ್ತು.

“ಇದರಲ್ಲಿ ದೊಡ್ಡದು ಯಾವುದೋ ಅದನ್ನೇ ಮಾಡಿ ಅಕ್ಕ. ಅಮ್ಮನಿಗೆ ನಿನ್ನೆಯಿಂದ ಜ್ವರ. ದುಡ್ಡು ಎಷ್ಟಾದರೂ ಆಗಲಿ.”

“ಅಮ್ಮ ಎಲ್ಲಿದ್ದಾರೆ?”

“ಜೀಪಿನಲ್ಲೇ ಕೂತಿದ್ದಾರೆ. ಶುಗರ್ ಇದೆ. ಎರಡು ಹೆಜ್ಜೆ ಇಟ್ಟರೆ ಏದುಸಿರು ಬರ್ತಿದೆ.”

ನಾನು ಸ್ವಾಬ್ ಕಡ್ಡಿ ಮುಟ್ಟಲಿಲ್ಲ. ಕೌಂಟರ್ ಬಿಟ್ಟು ಹೊರಗೆ ಬಂದು ಮೊದಲು ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ 92ಕ್ಕೆ ಇಳಿದಿತ್ತು. ಡಾಕ್ಟರ್ ಅಡ್ಮಿಟ್ ಮಾಡಿಕೊಂಡರು, ಆಕ್ಸಿಜನ್ ಕೊಟ್ಟರು, ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಆಗಲೇ ಶುರು ಮಾಡಿಸಿದರು. ಸ್ವಾಬ್ ತೆಗೆದದ್ದು ಆಮೇಲೆ. ಅದೂ ದೊಡ್ಡ ಟೆಸ್ಟ್‌ಗಲ್ಲ, ಬರೀ ಇನ್‌ಫ್ಲುಯೆನ್ಜಾ (ಫ್ಲೂ) ವೈರಸ್ಸಿನ ಜೀನ್ ಹುಡುಕುವ ಪಿಸಿಆರ್ ಟೆಸ್ಟ್‌ಗೆ. ಸೋಮವಾರ ಮಧ್ಯಾಹ್ನ ರಿಪೋರ್ಟ್ ಬಂತು: ಫ್ಲೂನದೇ ಒಂದು ಬಗೆಯಾದ ಎಚ್1ಎನ್1 ಪಾಸಿಟಿವ್. ಅಷ್ಟು ಹೊತ್ತಿಗೆ ಆ ಅಮ್ಮನ ಹೊಟ್ಟೆಗೆ ನಾಲ್ಕು ಮಾತ್ರೆ ಹೋಗಿ ಆಗಿತ್ತು. ಜ್ವರ ಇಳಿಯುತ್ತಿತ್ತು.

ಆ ಮಗನ ಮೇಲೆ ನನಗೆ ಒಂಚೂರೂ ಬೇಸರವಿಲ್ಲ. ಅಮ್ಮನಿಗೆ ಒಳ್ಳೆಯದೇ ಸಿಗಲಿ ಅಂತ ಅಷ್ಟು ದೂರದಿಂದ ಬಂದಿದ್ದರು. ಆದರೆ ದೊಡ್ಡ ಟೆಸ್ಟ್ ಅಂದರೆ ಒಳ್ಳೆಯ ಟೆಸ್ಟ್ ಅನ್ನುವ ನಂಬಿಕೆ ನಮ್ಮಲ್ಲಿ ತುಂಬಾ ಜನರಿಗಿದೆ. ಲ್ಯಾಬ್ ಟೆಕ್ನಿಷಿಯನ್ ಆಗಿ ಈ ಜಿಲ್ಲೆಯಲ್ಲೇ ಕೆಲಸ ಮಾಡಿಕೊಂಡು ಬಂದ ನಾನು ಹೇಳುವುದು ಇಷ್ಟೇ. ಟೆಸ್ಟ್ ಆರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ರಿಪೋರ್ಟ್ ಬಂದರೆ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ? ಬದಲಾಗುವುದಾದರೆ, ಅದು ಬೇಕಾದ ಹೊತ್ತಿಗೆ ನಮ್ಮ ಕೈಗೆ ಬರುತ್ತದಾ?

ಎರಡನೆಯ ಪ್ರಶ್ನೆ ಬೆಂಗಳೂರಿನವರಿಗೆ ಅಷ್ಟು ಮುಖ್ಯವಲ್ಲ. ನಮಗೆ ಅದೇ ಮುಖ್ಯ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರು ಇನ್ನೂ ಸ್ವಲ್ಪ ಜಾಸ್ತಿ, ಅದೂ ಘಾಟಿ ಇಳಿದು ಹೋಗಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ಸಂಪಾಜೆ ರಸ್ತೆ ಬಂದ್ ಆದದ್ದು ಯಾರಿಗೆ ಮರೆತಿದೆ? ಸ್ಯಾಂಪಲ್ ಕೂಡ ಅದೇ ರಸ್ತೆಯಲ್ಲಿ ಹೋಗಬೇಕಲ್ವಾ.

ಯಾರ ಜೀನ್ ನೋಡುವುದು?

ಮೊದಲು ಒಂದು ಭಯ ಕಳೆಯೋಣ. ‘ಜೀನ್ ಟೆಸ್ಟ್’ ಅಂದ ತಕ್ಷಣ ಕೆಲವರು ಹಿಂದೆ ಸರಿಯುತ್ತಾರೆ. ನಮ್ಮ ವಂಶದ ವಿಷಯ ಏನಾದರೂ ಗೊತ್ತಾಗಿಬಿಡುತ್ತದಾ ಅಂತ ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಇಲ್ಲ. ಇಲ್ಲಿ ಹುಡುಕುವುದು ವೈರಸ್ಸಿನ ಜೀನ್, ನಿಮ್ಮದಲ್ಲ.

ಫ್ಲೂ, ಕೋವಿಡ್, ಮಕ್ಕಳನ್ನು ಹೆಚ್ಚು ಕಾಡುವ ಆರ್‌ಎಸ್‌ವಿ ಮತ್ತು ಎಚ್‌ಎಂಪಿವಿ, ಸಾಮಾನ್ಯ ನೆಗಡಿ ತರುವ ರೈನೋವೈರಸ್, ಇವೆಲ್ಲ ಆರ್‌ಎನ್‌ಎ ವೈರಸ್‌ಗಳು. ಅಡಿನೋವೈರಸ್ ಮಾತ್ರ ಡಿಎನ್‌ಎ ಗುಂಪಿನದು. ಸ್ವಾಬ್‌ನಲ್ಲಿ ಬಂದ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ಬದಲಿಸುತ್ತೇವೆ (ಆರ್‌ಟಿ–ಪಿಸಿಆರ್‌ನಲ್ಲಿ ‘ಆರ್‌ಟಿ’ ಅಂದರೆ ಇದೇ). ಆಮೇಲೆ ಮಷೀನ್ ಅದನ್ನು ಬಿಸಿ ಮಾಡುತ್ತದೆ, ತಣಿಸುತ್ತದೆ, ಮತ್ತೆ ಬಿಸಿ ಮಾಡುತ್ತದೆ. ಒಂದೊಂದು ಸುತ್ತಿಗೂ ವೈರಸ್ಸಿನ ತುಣುಕು ಎರಡು ಪಟ್ಟಾಗುತ್ತದೆ. ಹತ್ತು ಸುತ್ತಿಗೆ ಒಂದು ತುಣುಕು ಸಾವಿರ ದಾಟುತ್ತದೆ. ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಅಷ್ಟಾದಾಗ ಅದಕ್ಕೆ ಅಂಟಿಸಿದ ಬಣ್ಣ ಹೊಳೆಯುತ್ತದೆ, ಮಷೀನ್ ಅದನ್ನು ಹಿಡಿಯುತ್ತದೆ. ಈ ಪಿಸಿಆರ್ ವಿಧಾನವನ್ನು 1983ರಲ್ಲಿ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ ಹತ್ತು ವರ್ಷದ ಮೇಲೆ ನೊಬೆಲ್ ಬಂತು.

ಇದರ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ಬಲ ಏನೆಂದರೆ ಸ್ವಲ್ಪವೇ ವೈರಸ್ ಇದ್ದರೂ ಸಿಕ್ಕಿಬೀಳುತ್ತದೆ. ದೌರ್ಬಲ್ಯ ಏನೆಂದರೆ ಸತ್ತ ವೈರಸ್ಸಿನ ಚೂರನ್ನೂ ಅದು ಜೀವಂತ ವೈರಸ್ಸಿನಷ್ಟೇ ಶ್ರದ್ಧೆಯಿಂದ ಹಿಡಿದು ತೋರಿಸುತ್ತದೆ. ಕಾಯಿಲೆ ವಾಸಿಯಾಗಿ ವಾರಗಳಾದ ಮೇಲೂ ಪಾಸಿಟಿವ್ ಬರುವುದು ಇದರಿಂದಲೇ.

ಹದಿನೈದು ನಿಮಿಷದ ಕಾರ್ಡ್

ರ‍್ಯಾಪಿಡ್ ಆಂಟಿಜನ್ ಜೀನ್ ಟೆಸ್ಟ್ ಅಲ್ಲ. ಆದರೂ ಹೋಲಿಕೆಗೆ ಅದನ್ನೇ ಮೊದಲು ಇಡುತ್ತೇನೆ, ಯಾಕೆಂದರೆ ಊರಿನಲ್ಲಿ ಬೇಗ ಸಿಗುವುದು ಅದೇ. ಗರ್ಭಿಣಿ ಟೆಸ್ಟ್ ಕಾರ್ಡಿನ ಹಾಗೇ ಇರುತ್ತದೆ. ವೈರಸ್ಸಿನ ಪ್ರೋಟೀನ್ ಸಿಕ್ಕರೆ ಎರಡನೇ ಗೆರೆ ಮೂಡುತ್ತದೆ. ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಕರೆಂಟ್ ಬೇಡ, ಮಷೀನ್ ಬೇಡ.

ಇಲ್ಲಿ ತುಣುಕನ್ನು ಕೋಟಿ ಪಟ್ಟು ಮಾಡುವ ಕೆಲಸ ಇಲ್ಲ. ಹಾಗಾಗಿ ವೈರಸ್ ಜಾಸ್ತಿ ಇದ್ದರೆ ಮಾತ್ರ ಸಿಗುತ್ತದೆ. ಫ್ಲೂ ಕಾರ್ಡ್‌ಗಳು ನಿಜವಾಗಿ ಫ್ಲೂ ಇರುವ ನೂರು ಜನರಲ್ಲಿ ಸುಮಾರು 50ರಿಂದ 70 ಜನರನ್ನು ಮಾತ್ರ ಹಿಡಿಯುತ್ತವೆ. ಉಳಿದವರಿಗೆ ನೆಗೆಟಿವ್ ಅಂತ ಹೇಳಿ ಮನೆಗೆ ಕಳಿಸುತ್ತವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಈ ಕಾರ್ಡ್‌ಗಳಿಗೆ ಒಪ್ಪಿಗೆ ಕೊಟ್ಟಾಗಲೇ ಒಂದು ಷರತ್ತು ಹಾಕಿತ್ತು: ಲಕ್ಷಣ ಇದ್ದು ಕಾರ್ಡ್ ನೆಗೆಟಿವ್ ಬಂದರೆ ಆರ್‌ಟಿ–ಪಿಸಿಆರ್ ಮಾಡಲೇಬೇಕು. ಆ ಮಾತು ಇವತ್ತಿಗೂ ಸರಿ.

ಹಾಗಂತ ಕಾರ್ಡ್ ಬೇಡ ಅನ್ನುವವಳಲ್ಲ ನಾನು. ತೋಟದ ಕೆಲಸಗಾರರು ಇರುವ ಲೈನ್ ಮನೆಯಲ್ಲಿ ಒಂದೇ ವಾರದಲ್ಲಿ ಎಂಟು ಜನಕ್ಕೆ ಜ್ವರ ಬಂತು ಅಂತ ಇಟ್ಟುಕೊಳ್ಳಿ. ಎಂಟೂ ಜನರನ್ನು ಮೈಸೂರಿಗೆ ಕಳಿಸುವ ಮಾತೇ ಇಲ್ಲ. ಹೋದರೆ ಅವತ್ತಿನ ಕೂಲಿಯೂ ಹೋಯಿತು. ಅವರಲ್ಲಿ ಇಬ್ಬರಿಗೆ ಕಾರ್ಡ್‌ನಲ್ಲಿ ಫ್ಲೂ ಪಾಸಿಟಿವ್ ಬಂದರೆ ಸಾಕು, ಉಳಿದವರಿಗೂ ಬಹುತೇಕ ಅದೇ ಅಂತ ಡಾಕ್ಟರ್ ಅಂದಾಜು ಮಾಡಬಹುದು. ಗರ್ಭಿಣಿಯರನ್ನು, ವಯಸ್ಸಾದವರನ್ನು ಬೇರೆ ಇಡಬಹುದು. ಫ್ಲೂ ಹರಡುತ್ತಿರುವ ದಿನಗಳಲ್ಲಿ ಕಾರ್ಡಿನ ಪಾಸಿಟಿವ್ ಅನ್ನು ನಂಬಬಹುದು. ನೆಗೆಟಿವ್ ಅನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ.

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಮನೆ ಕಿಟ್ ಕೋವಿಡ್‌ಗೆ ಮಾತ್ರವೋ, ಫ್ಲೂಗೂ ಇದೆಯೋ ಅಂತ ಡಬ್ಬಿ ಮೇಲೆ ಓದಿ ಕೊಳ್ಳಿ. ಕೋವಿಡ್ ಕಿಟ್‌ನಲ್ಲಿ ಒಂದೇ ಗೆರೆ ಬಂತು ಅಂದರೆ ಫ್ಲೂ ಇಲ್ಲ ಅಂತ ಅರ್ಥವಲ್ಲ.

ಒಂದು ಅಥವಾ ಮೂರು ವೈರಸ್ಸಿಗೆ ಆರ್‌ಟಿ–ಪಿಸಿಆರ್

ಇದು ನಮ್ಮ ಮೂಲ ಅಳತೆಗೋಲು. ಫ್ಲೂ ಎ, ಫ್ಲೂ ಬಿ, ಕೋವಿಡ್, ಕೆಲವು ಕಡೆ ಆರ್‌ಎಸ್‌ವಿ. ಡಾಕ್ಟರಿಗೆ ಯಾವುದರ ಮೇಲೆ ಅನುಮಾನವೋ ಅದನ್ನೇ ಹುಡುಕುವುದು. ನಿಖರತೆಯಲ್ಲಿ ಕಾರ್ಡಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

2020ರ ಶುರುವಿನಲ್ಲಿ ನಮ್ಮ ಜಿಲ್ಲೆಯ ಸ್ಯಾಂಪಲ್‌ಗಳು ಹೊರಗೆ ಹೋಗಿ ಬರಬೇಕಿತ್ತು. ಅದೇ ವರ್ಷ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೇ ಲ್ಯಾಬ್ ಶುರುವಾಯಿತು. ಅದು ನಮಗೆ ಎಷ್ಟು ದೊಡ್ಡ ವಿಷಯ ಅಂತ ಆ ದಿನಗಳಲ್ಲಿ ರಿಪೋರ್ಟಿಗೆ ಕಾದವರಿಗೆ ಗೊತ್ತು.

ಮಷೀನಿನ ಒಳಗೆ ಆಗುವ ಕೆಲಸ ಕೆಲವೇ ಗಂಟೆಯದು. ತಡವಾಗುವುದು ಬೇರೆ ಕಾರಣಕ್ಕೆ. ಒಂದು ಪ್ಲೇಟಿನಲ್ಲಿ 96 ಗುಳಿ ಇರುತ್ತವೆ. ನಿಮ್ಮ ಒಂದು ಸ್ಯಾಂಪಲ್‌ಗೋಸ್ಕರ ಮಷೀನ್ ಓಡಿಸುವುದಿಲ್ಲ (ಒಂದು ಸಲ ಓಡಿಸುವುದಕ್ಕೆ ರನ್ ಅನ್ನುತ್ತೇವೆ), ಒಂದಿಷ್ಟು ಸೇರಲಿ ಅಂತ ಕಾಯುತ್ತಾರೆ. ಮಧ್ಯಾಹ್ನದ ರನ್ ತಪ್ಪಿದರೆ ನಾಳೆಗೆ. ಶನಿವಾರ ಸಂಜೆ ಕೊಟ್ಟರೆ ಕೆಲವು ಕಡೆ ಸೋಮವಾರಕ್ಕೆ. ಆದ್ದರಿಂದ ‘ಎಷ್ಟು ಗಂಟೆಯ ಟೆಸ್ಟ್’ ಅಂತ ಕೇಳಬೇಡಿ. ‘ಇವತ್ತಿನ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ರನ್‌ಗೆ ಸೇರುತ್ತದೆ’ ಅಂತ ಕೇಳಿ. ಕಲೆಕ್ಷನ್ ಸೆಂಟರಿನವರಿಗೆ ಉತ್ತರ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಬೇರೆ ಕಡೆ ಹೋಗಿ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪನಿಗೆ ಜ್ವರ, ಕೆಮ್ಮು. ನಾನು ಊರಲ್ಲಿ ಇರಲಿಲ್ಲ. ಮನೆಯವರು ಒಂದು ಖಾಸಗಿ ಕಲೆಕ್ಷನ್ ಸೆಂಟರಿನಲ್ಲಿ ಶುಕ್ರವಾರ ಸಂಜೆ ಸ್ವಾಬ್ ಕೊಟ್ಟರು. ಗಾಡಿ ಹೋಗಿಯಾಗಿತ್ತು. ಶನಿವಾರ ಯಾವುದೋ ರಜೆ, ಭಾನುವಾರ ಹೇಗೂ ರಜೆ. ಟ್ಯೂಬ್ ಅಲ್ಲೇ ಕೂತಿತ್ತು, ಫ್ರಿಜ್‌ನಲ್ಲಿತ್ತೋ ಮೇಜಿನ ಮೇಲಿತ್ತೋ ಯಾರೂ ಹೇಳಲಿಲ್ಲ. ಮಂಗಳವಾರ ಫೋನ್ ಬಂತು: ‘ಸ್ಯಾಂಪಲ್ ರಿಜೆಕ್ಟ್ ಆಗಿದೆ, ಲೇಬಲ್ ಅಳಿಸಿದೆ, ಇನ್ನೊಂದು ಕೊಡಿ.’ ಮಳೆಗೆ ಒದ್ದೆಯಾದ ಕೈಯಲ್ಲಿ ಶಾಯಿ ಪೆನ್ನಿನಿಂದ ಬರೆದಿದ್ದರಂತೆ. ಅಷ್ಟೊತ್ತಿಗೆ ಚಿಕ್ಕಪ್ಪ ಮೈಸೂರಿನಲ್ಲಿ ಅಡ್ಮಿಟ್ ಆಗಿದ್ದರು. ಹುಷಾರಾಗಿ ಬಂದರು, ದೇವರು ದೊಡ್ಡವನು. ಆದರೆ ಆ ನಾಲ್ಕು ದಿನ ಎಲ್ಲರೂ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅಂತ ಕೂತಿದ್ದರಲ್ಲ, ಅದು ನನಗೆ ಇವತ್ತೂ ಸಂಕಟ ಕೊಡುತ್ತದೆ.

ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ರಿಸ್ಕ್ ಇರುವವರಿಗೆ ರಿಪೋರ್ಟಿಗೆ ಕಾಯದೆ ಶುರು ಮಾಡುವುದೇ ಸರಿಯಾದ ಕ್ರಮ. ಅದನ್ನು ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಲ್ಯಾಬಿಗೆ ಬರುವ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಟ್ರೂನ್ಯಾಟ್ ಮತ್ತು ಸಿಬಿನ್ಯಾಟ್

ನನ್ನನ್ನು ಕೇಳಿದರೆ ಗುಡ್ಡಗಾಡಿನ ಜಿಲ್ಲೆಗೆ ಹೇಳಿಮಾಡಿಸಿದಂಥ ಮಷೀನ್‌ಗಳು ಇವು. ಎರಡೂ ಪಿಸಿಆರ್‌ಗಳೇ. ಆದರೆ 96 ಗುಳಿ ತುಂಬಲು ಕಾಯಬೇಕಿಲ್ಲ, ಒಬ್ಬರ ಸ್ಯಾಂಪಲ್ ಆದರೂ ಹಾಕಬಹುದು.

ಸಿಬಿನ್ಯಾಟ್ ಅಂದರೆ ಜೀನ್‌ಎಕ್ಸ್‌ಪರ್ಟ್ ಮಷೀನ್. ಕಾಫಿ ಮಗ್‌ಗಿಂತ ಚಿಕ್ಕದಾದ ಒಂದು ಕಾರ್ಟ್ರಿಜ್‌ಗೆ ಸ್ಯಾಂಪಲ್ ಹಾಕಿ ಒಳಗೆ ಇಟ್ಟರೆ ಉಳಿದದ್ದನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಕೋವಿಡ್, ಫ್ಲೂ ಎ, ಫ್ಲೂ ಬಿ, ಆರ್‌ಎಸ್‌ವಿ ನಾಲ್ಕನ್ನೂ ಒಟ್ಟಿಗೆ ನೋಡುವ ಕಾರ್ಟ್ರಿಜ್ ಇದೆ, ಮುಕ್ಕಾಲು ಗಂಟೆಯೊಳಗೆ ಉತ್ತರ. ಆದರೆ ಅದಕ್ಕೆ ನಿಲ್ಲದ ಕರೆಂಟ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ರನ್ ಮಧ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಆ ದುಬಾರಿ ಕಾರ್ಟ್ರಿಜ್ ಕಸದ ಬುಟ್ಟಿಗೆ.

ಟ್ರೂನ್ಯಾಟ್ ನಮ್ಮ ದೇಶದ್ದೇ. ಗೋವಾದ ಮೋಲ್‌ಬಯೋ ಕಂಪನಿ ಮಾಡಿದ್ದು. ಬೆರಳಿನ ಉಗುರಿನಷ್ಟು ಚಿಪ್ ಮೇಲೆ ಟೆಸ್ಟ್ ನಡೆಯುತ್ತದೆ. ಬ್ಯಾಟರಿಯಲ್ಲೂ ಓಡುತ್ತದೆ, ಏಸಿ ರೂಮ್ ಬೇಡ. ಸುಮಾರು ಒಂದು ಗಂಟೆಯಲ್ಲಿ ಉತ್ತರ. ಟಿಬಿ ಪತ್ತೆಗೆ ಅಂತ ತಾಲೂಕು ಆಸ್ಪತ್ರೆಗಳಿಗೂ ಬಂದ ಮಷೀನ್ ಇದು. 2020ರಲ್ಲಿ ಕೋವಿಡ್‌ಗೂ ದುಡಿಯಿತು. ಹೊರಗೆ ಗಾಳಿ ಮಳೆ, ಒಳಗೆ ಎಮರ್ಜೆನ್ಸಿ ಲೈಟ್ ಬೆಳಕು, ಆ ಪುಟ್ಟ ಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ಹಸಿರು ಗೆರೆ ಎಳೆಯುತ್ತಾ ಕೂತಿರುವುದನ್ನು ನೋಡಿದಾಗ ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು.

ಒಂದು ವಿಷಯ ಗೊತ್ತಿರಲಿ. ಮಷೀನ್ ಇದೆ ಅಂದ ಮಾತ್ರಕ್ಕೆ ನಿಮಗೆ ಬೇಕಾದ ಟೆಸ್ಟ್ ಇದೆ ಅಂತಲ್ಲ. ಒಂದೊಂದು ಕಾಯಿಲೆಗೂ ಬೇರೆ ಬೇರೆ ಚಿಪ್, ಬೇರೆ ಬೇರೆ ಕಾರ್ಟ್ರಿಜ್. ಟಿಬಿ ಚಿಪ್ ಇದ್ದು ಫ್ಲೂ ಚಿಪ್ ಇಲ್ಲದಿರಬಹುದು. ‘ಟ್ರೂನ್ಯಾಟ್ ಇದೆಯಾ’ ಅನ್ನುವುದಕ್ಕಿಂತ ‘ಇವತ್ತು ಫ್ಲೂ ಚಿಪ್ ಸ್ಟಾಕ್ ಇದೆಯಾ’ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಭಾಗಮಂಡಲದಿಂದಲೋ ಶ್ರೀಮಂಗಲದಿಂದಲೋ ಜ್ವರದವರನ್ನು ಕೂರಿಸಿಕೊಂಡು ಬಂದು ಸುಮ್ನೆ ವಾಪಸ್ ಹೋಗುವುದು ಬೇಡ.

ಇಪ್ಪತ್ತೆರಡು ಹೆಸರಿನ ದೊಡ್ಡ ಪ್ಯಾನೆಲ್

ಈಗ ಆ ಮಗ ಕೇಳಿದ ದೊಡ್ಡ ಟೆಸ್ಟಿಗೆ ಬರೋಣ. ಮಲ್ಟಿಪ್ಲೆಕ್ಸ್ ಪ್ಯಾನೆಲ್ ಅಂತಾರೆ. ಹೆಸರಾದ ಒಂದು ಪ್ಯಾನೆಲ್, ಬಯೋಫೈರ್ ಅನ್ನುವುದು, ಒಂದೇ ಸ್ವಾಬ್‌ನಲ್ಲಿ 22 ಹೆಸರು ನೋಡುತ್ತದೆ: 18 ವೈರಸ್, 4 ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾದಲ್ಲಿ ನಾಯಿಕೆಮ್ಮು ತರುವುದೂ, ಮೈಕೋಪ್ಲಾಸ್ಮಾವೂ ಸೇರಿವೆ. ಮಷೀನ್ ತೆಗೆದುಕೊಳ್ಳುವುದು ಸುಮಾರು 45 ನಿಮಿಷ. ಬೆಲೆ ಮಾತ್ರ ಸಾವಿರಗಳಲ್ಲಿ. ಹಲವು ಕಡೆ ಹತ್ತು ಸಾವಿರ ದಾಟುತ್ತದೆ.

ಇಷ್ಟು ಒಳ್ಳೆಯದಿದ್ದರೆ ಎಲ್ಲರಿಗೂ ಯಾಕೆ ಬೇಡ? ಯಾಕೆಂದರೆ ಆ ಪಟ್ಟಿಯಲ್ಲಿರುವ ಹೆಚ್ಚಿನ ವೈರಸ್‌ಗಳಿಗೆ ಬೇರೆ ಔಷಧಿಯೇ ಇಲ್ಲ. ರೈನೋವೈರಸ್ ಬಂದರೂ, ಪ್ಯಾರಾಇನ್‌ಫ್ಲುಯೆನ್ಜಾ ಬಂದರೂ, ಎಚ್‌ಎಂಪಿವಿ ಬಂದರೂ ಕೊಡುವುದು ಅದೇ: ಜ್ವರಕ್ಕೆ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ, ಉಸಿರಿಗೆ ಕಷ್ಟವಾದರೆ ಆಕ್ಸಿಜನ್. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿತು ಅಂದಾಗ ನಮ್ಮ ಕೌಂಟರಿಗೂ ಫೋನ್ ಮೇಲೆ ಫೋನ್. ಅದು ಹೊಸ ವೈರಸ್ ಅಲ್ಲ, ಪತ್ತೆಯಾದದ್ದೇ 2001ರಲ್ಲಿ. ಹೆಸರು ಗೊತ್ತಾದ ಮಾತ್ರಕ್ಕೆ ಚಿಕಿತ್ಸೆ ಬದಲಾಗಲಿಲ್ಲ.

ಇನ್ನೂ ಒಂದು ತೊಡಕಿದೆ. ದೊಡ್ಡ ಬಲೆ ಬೀಸಿದರೆ ಬೇಡದ ಮೀನೂ ಬರುತ್ತದೆ. ಮಕ್ಕಳ ಮೂಗಿನಲ್ಲಿ ರೈನೋವೈರಸ್ ನೆಗಡಿ ವಾಸಿಯಾದ ಮೇಲೂ ವಾರಗಟ್ಟಲೆ ಉಳಿದಿರುತ್ತದೆ. ಮಗುವಿಗೆ ಈಗ ಬಂದಿರುವ ಜ್ವರ ಮೂತ್ರದ ಸೋಂಕಿನಿಂದ ಬಂದದ್ದಾಗಿರಬಹುದು. ಪ್ಯಾನೆಲ್ ‘ರೈನೋ ಪಾಸಿಟಿವ್’ ಅನ್ನುತ್ತದೆ, ಎಲ್ಲರೂ ಓ ಇದೇ ಅಂತ ಸುಮ್ಮನಾಗುತ್ತಾರೆ. ಅದು ಅಪಾಯ.

ಯಾರಿಗೆ ಬೇಕು ಹಾಗಾದರೆ? ಕಿಡ್ನಿ ಬದಲಿಸಿಕೊಂಡವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ, ಐಸಿಯುನಲ್ಲಿ ಇರುವವರಿಗೆ. ನ್ಯುಮೋನಿಯಾ ಬಂದು ಆಂಟಿಬಯೋಟಿಕ್ ಕೊಟ್ಟರೂ ಇಳಿಯದವರಿಗೆ. ತುಂಬಾ ಸುಸ್ತಾಗಿ ಅಡ್ಮಿಟ್ ಆದ ಎಳೆಕೂಸಿಗೆ. ಇವರಲ್ಲಿ ಒಂದೊಂದು ಹೆಸರಿಗೂ ಬೆಲೆ ಇದೆ. ಯಾವ ಔಷಧಿ ನಿಲ್ಲಿಸಬೇಕು, ಯಾರನ್ನು ಬೇರೆ ರೂಮಿನಲ್ಲಿ ಇಡಬೇಕು ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಆದರೆ ಇಂಥವರು ಹೇಗೂ ಮೈಸೂರಿನಲ್ಲೋ ಮಂಗಳೂರಿನಲ್ಲೋ ದೊಡ್ಡ ಆಸ್ಪತ್ರೆಯಲ್ಲಿ ಇರಬೇಕಾದವರು. ಅಲ್ಲಿನ ಡಾಕ್ಟರೇ ಹೇಳುತ್ತಾರೆ. ಮನೆಯಲ್ಲಿ ಓಡಾಡಿಕೊಂಡಿರುವವರು ಇಲ್ಲಿಂದ ಸ್ವಾಬ್ ಕಳಿಸಿ ಇದನ್ನು ಮಾಡಿಸುವುದಕ್ಕೆ ನಾನು ಯಾವತ್ತೂ ಹೇಳುವುದಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಆಕ್ಸಿಮೀಟರ್ ತಂದಿಟ್ಟುಕೊಂಡು, ರಾತ್ರಿ ಗಾಡಿ ಸಿಗುವ ಹಾಗೆ ಯಾರಿಗಾದರೂ ಹೇಳಿಟ್ಟುಕೊಳ್ಳಿ.

ಪಟ್ಟಿಯಲ್ಲಿ ಇಲ್ಲದವು

ಪ್ಯಾನೆಲ್ ನೆಗೆಟಿವ್ ಅಂದರೆ ಏನೂ ಇಲ್ಲ ಅಂತಲ್ಲ. ಪಟ್ಟಿಯಲ್ಲಿ ಇರುವುದು ಇಲ್ಲ ಅಂತ ಅಷ್ಟೇ.

ನಮ್ಮ ಗದ್ದೆ, ತೋಟದ ಕೆಲಸಕ್ಕೆ ಇಲಿ ಜ್ವರದ ಅಪಾಯ ಇದ್ದೇ ಇದೆ. ಡೆಂಗಿ ಇದೆ. ಎರಡರಲ್ಲೂ ಶುರುವಿನಲ್ಲಿ ಫ್ಲೂ ತರಹವೇ ಮೈಕೈ ನೋವು. ಮೂಗು ಸೋರದೆ, ಕೆಮ್ಮಿಲ್ಲದೆ ಬರೀ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಅಂದರೆ ಮೂಗಿನ ಸ್ವಾಬ್‌ನಲ್ಲಿ ಹುಡುಕುವುದು ತಪ್ಪು ಜಾಗ. ರಕ್ತ ಪರೀಕ್ಷೆ ಬೇಕು.

ಕೆಮ್ಮು ಎರಡು ವಾರ ದಾಟಿದರೆ ವೈರಸ್ ಟೆಸ್ಟ್ ಮಾತು ಬಿಡಿ, ಕಫ ಕೊಡಿ. ಟಿಬಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟೂ ಉಚಿತ, ಔಷಧಿಯೂ ಉಚಿತ. ಸಾವಿರಾರು ರೂಪಾಯಿ ಪ್ಯಾನೆಲ್ ಮಾಡಿಸಿ ‘ಎಲ್ಲ ನೆಗೆಟಿವ್’ ಅಂತ ನೆಮ್ಮದಿಯಾಗಿ ಕೂತವರಲ್ಲಿ ಆಮೇಲೆ ಟಿಬಿ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ನಮ್ಮ ಗಡಿಯಾಚೆಗೆ ವಯನಾಡು, ಕಣ್ಣೂರು. ಕೇರಳದಲ್ಲಿ ನಿಫಾ ಬಂತು ಅಂದಾಗ ಕೆಲವರು ಪ್ಯಾನೆಲ್ ಮಾಡಿಸಲು ಬರುತ್ತಾರೆ. ನಿಫಾ ಇಂಥ ಸಾಮಾನ್ಯ ಪ್ಯಾನೆಲ್‌ನಲ್ಲಿ ಇಲ್ಲ. ಅನುಮಾನ ಇದ್ದರೆ ಖಾಸಗಿ ಲ್ಯಾಬಿಗೆ ಬರಬೇಡಿ, ನೇರ ಜಿಲ್ಲಾ ಆಸ್ಪತ್ರೆಗೆ ತಿಳಿಸಿ. ಆರೋಗ್ಯ ಇಲಾಖೆಯ ಮೂಲಕವೇ ಆಗಬೇಕಾದ ಕೆಲಸ ಅದು. ಇನ್ನು ಈ ಕೆಮ್ಮು, ನೆಗಡಿಯ ವೈರಸ್‌ಗಳಿಗೆ ರಕ್ತದಲ್ಲಿ ಆಂಟಿಬಾಡಿ ನೋಡುವ ಟೆಸ್ಟ್ ಈಗಿನ ಜ್ವರಕ್ಕೆ ಉತ್ತರ ಕೊಡುವುದಿಲ್ಲ. ಆಂಟಿಬಾಡಿ ಬರಲು ದಿನಗಳು ಬೇಕು.

ಸ್ವಾಬ್ ಸರಿಯಾಗಿ ತೆಗೆದಿದ್ದಾರಾ?

ಯಾವ ಮಷೀನ್ ಆದರೇನು, ಕಡ್ಡಿಯ ತುದಿಗೆ ವೈರಸ್ ಬರದಿದ್ದರೆ ಎಲ್ಲವೂ ವ್ಯರ್ಥ. ಇದರ ಬಗ್ಗೆ ಯಾರೂ ಕೇಳುವುದಿಲ್ಲ. ನೀವು ಕೇಳಿ.

ಮೂಗಿನ ಹೊಳ್ಳೆಯಿಂದ ಕಿವಿಯ ತೂತಿನವರೆಗೆ ಬೆರಳಿಟ್ಟು ನೋಡಿ. ಕಡ್ಡಿ ಹೋಗಬೇಕಾದದ್ದು ಸುಮಾರು ಅಷ್ಟು ಆಳ. ಮೇಲಕ್ಕಲ್ಲ, ನೇರ ಹಿಂದಕ್ಕೆ. ಹಿಂದಿನ ಗೋಡೆ ತಾಗಿದ ಮೇಲೆ ಕೆಲವು ಸೆಕೆಂಡ್ ಹಾಗೇ ಹಿಡಿದು, ಮೆಲ್ಲಗೆ ತಿರುಗಿಸಿ ತೆಗೆಯಬೇಕು. ಕಣ್ಣಲ್ಲಿ ನೀರು ಬರುತ್ತದೆ. ಮಕ್ಕಳು ಅಳುತ್ತಾರೆ. ಹೊಳ್ಳೆಯ ಬಾಯಲ್ಲೇ ಒಂದು ಸುತ್ತು ಸವರಿ ‘ಆಯ್ತು’ ಅಂದರೆ ಪಿಸಿಆರ್‌ಗೆ ಅದು ಸಾಲದು. ಮಗುವನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿ, ತಲೆಯನ್ನು ಅವರ ಎದೆಗೆ ಒರಗಿಸಿಕೊಂಡರೆ ನಮಗೂ ಸುಲಭ, ಮಗುವಿಗೂ ಭಯ ಕಡಿಮೆ.

ಕಡ್ಡಿಯ ತುದಿ ನೈಲಾನ್ ಅಥವಾ ಡೆಕ್ರಾನ್‌ದಾಗಿರಬೇಕು. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ಆಗುವುದಿಲ್ಲ, ಅದರಲ್ಲಿರುವ ಅಂಶಗಳು ಪಿಸಿಆರ್ ಅನ್ನು ತಡೆಯುತ್ತವೆ. ಆಮೇಲೆ ಕಡ್ಡಿ ಹೋಗುವುದು ವಿಟಿಎಂ ಅನ್ನುವ ದ್ರವ ಇರುವ ಟ್ಯೂಬಿಗೆ. ಸಾಮಾನ್ಯವಾಗಿ ಗುಲಾಬಿ ಬಣ್ಣ ಇರುತ್ತದೆ. ಹಳದಿಗೆ ತಿರುಗಿದ್ದರೆ ಅದು ಕೆಟ್ಟಿದೆ ಅಂತ ಅನುಮಾನಿಸಬೇಕು. 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ 72 ಗಂಟೆ ತಡೆಯುತ್ತದೆ. ಅಂದರೆ ಐಸ್ ಜೆಲ್ ಇಟ್ಟ ಡಬ್ಬಿಯಲ್ಲೇ ಹೋಗಬೇಕು. ಟ್ಯೂಬಿನ ಮೇಲೆ ನಿಮ್ಮ ಹೆಸರು, ವಯಸ್ಸು, ತಾರೀಕು ಅಳಿಸದ ಮಾರ್ಕರ್‌ನಲ್ಲಿ ಬರೆದಿದ್ದಾರಾ ಅಂತ ಕಣ್ಣಾರೆ ನೋಡಿ. ಚಿಕ್ಕಪ್ಪನ ಟ್ಯೂಬ್ ಆದ ಮೇಲೆ ನಾನು ಪ್ರತಿ ಲೇಬಲ್ ಮೇಲೂ ಪಾರದರ್ಶಕ ಟೇಪ್ ಅಂಟಿಸುತ್ತೇನೆ.

ಮೊದಲ ಮೂರು, ನಾಲ್ಕು ದಿನದಲ್ಲಿ ಮೂಗು, ಗಂಟಲಲ್ಲಿ ವೈರಸ್ ಜಾಸ್ತಿ ಇರುತ್ತದೆ. ವಾರ ಕಳೆದು ಶ್ವಾಸಕೋಶಕ್ಕೆ ಇಳಿದ ಮೇಲೆ ಮೂಗಿನ ಸ್ವಾಬ್ ನೆಗೆಟಿವ್ ಬರಬಹುದು, ಒಳಗಿನ ಕಫದಲ್ಲಿ ಪಾಸಿಟಿವ್ ಇರಬಹುದು.

ರಿಪೋರ್ಟ್ ಕೈಗೆ ಬಂದ ಮೇಲೆ

ಎಲ್ಲರ ಕಣ್ಣು ಹೋಗುವುದು ಸಿಟಿ ವ್ಯಾಲ್ಯೂ ಮೇಲೆ. ಎಷ್ಟನೇ ಸುತ್ತಿಗೆ ಬಣ್ಣ ಹೊಳೆಯಿತು ಅನ್ನುವ ಲೆಕ್ಕ ಅದು. ವೈರಸ್ ಜಾಸ್ತಿ ಇದ್ದರೆ ಬೇಗ ಹೊಳೆಯುತ್ತದೆ, ಸಂಖ್ಯೆ ಕಡಿಮೆ. ಸುಮಾರು 3.3 ಸುತ್ತಿನ ವ್ಯತ್ಯಾಸ ಅಂದರೆ ಹತ್ತು ಪಟ್ಟು. ಕೋವಿಡ್‌ಗೆ ಐಸಿಎಂಆರ್ 35ರವರೆಗೆ ಪಾಸಿಟಿವ್ ಅಂತ ಇಟ್ಟಿತ್ತು. ಆದರೆ ಸಿಟಿ 18 ಇರುವವರು ಚೆನ್ನಾಗಿ ಓಡಾಡಿಕೊಂಡಿರುವುದನ್ನೂ, 31 ಇರುವವರು ಆಕ್ಸಿಜನ್ ಮೇಲಿರುವುದನ್ನೂ ನೋಡಿದ್ದೇನೆ. ಸ್ವಾಬ್ ಸರಿಯಾಗಿ ತೆಗೆಯದಿದ್ದರೂ ಆ ಸಂಖ್ಯೆ ಏರುತ್ತದೆ. ಅದನ್ನು ನೋಡಿ ಕಾಯಿಲೆಯ ತೀವ್ರತೆ ಅಳೆಯಬೇಡಿ.

‘ಇನ್‌ಕನ್‌ಕ್ಲೂಸಿವ್’ ಅಥವಾ ‘ಇನ್‌ವ್ಯಾಲಿಡ್’, ಅಂದರೆ ಖಚಿತವಾಗಿ ಹೇಳಲಾಗದು ಅಂತ ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ ಸ್ಯಾಂಪಲ್‌ನಲ್ಲಿ ಮನುಷ್ಯನದೇ ಒಂದು ಜೀನ್ ಇದೆಯಾ ಅಂತಲೂ ಮಷೀನ್ ನೋಡಿಕೊಳ್ಳುತ್ತದೆ (ಸ್ವಾಬ್ ಸರಿ ಬಂದಿದೆಯಾ ಅಂತ ತಿಳಿಯಲಷ್ಟೇ, ವಂಶದ ವಿಷಯ ಅದರಲ್ಲಿ ಗೊತ್ತಾಗುವುದಿಲ್ಲ). ಅದೇ ಸಿಗದಿದ್ದರೆ ಕಡ್ಡಿಗೆ ಏನೂ ಬಂದಿಲ್ಲ ಅಥವಾ ಸ್ಯಾಂಪಲ್ ಹಾಳಾಗಿದೆ ಅಂತ ಅರ್ಥ. ಮತ್ತೆ ಸ್ವಾಬ್ ಕೊಡಬೇಕು. ಇದು ಲ್ಯಾಬಿನವರ ಪ್ರಾಮಾಣಿಕತೆ. ಸುಳ್ಳು ನೆಗೆಟಿವ್ ಕೊಡುವುದಕ್ಕಿಂತ ಎಷ್ಟೋ ಮೇಲು.

ನಿಮ್ಮ ಮನೆಯಲ್ಲಿ ಯಾರಿಗೆ ಏನು?

ಗಟ್ಟಿಮುಟ್ಟಾದ ಯುವಕರಿಗೆ ನೆಗಡಿ, ಕೆಮ್ಮು, ಸಣ್ಣ ಜ್ವರ: ಟೆಸ್ಟ್ ಬೇಡ. ಎಚ್1ಎನ್1ಗೆ ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು. ಎ ಗುಂಪು ಸಣ್ಣ ಜ್ವರದವರು. ಅವರಿಗೆ ಟೆಸ್ಟ್ ಇಲ್ಲ, ಮನೆಯಲ್ಲೇ ಇರುವುದು. ಬಿ ಗುಂಪು ಜೋರು ಜ್ವರ, ಗಂಟಲು ನೋವು ಇರುವವರು ಮತ್ತು ರಿಸ್ಕ್ ಇರುವವರು. ಅವರಿಗೂ ಟೆಸ್ಟ್ ಬೇಕಿಲ್ಲ, ಆದರೆ ಅದರಲ್ಲಿ ರಿಸ್ಕ್ ಇರುವವರಿಗೆ ಮಾತ್ರೆ ಕೊಡಬೇಕು. ಉಸಿರಾಟಕ್ಕೆ ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿ, ಇವಿದ್ದರೆ ಸಿ ಗುಂಪು. ಟೆಸ್ಟೂ ಬೇಕು, ತಕ್ಷಣ ಆಸ್ಪತ್ರೆಯೂ ಬೇಕು.

ವಯಸ್ಸಾದವರು, ಶುಗರ್, ಆಸ್ತಮಾ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಎರಡನೇ ದಿನ ದಾಟುವ ಮೊದಲು ಡಾಕ್ಟರ್ ಮುಂದೆ ಇರಬೇಕು. 2023ರ ಮಾರ್ಚ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಅನ್ನುವ ಫ್ಲೂಗೆ ತೀರಿಕೊಂಡವರು ಬಿಪಿ, ಶುಗರ್ ಇದ್ದ ಹಿರಿಯರು. ಇವರಿಗೆ ನನ್ನ ಆಯ್ಕೆ: ಹತ್ತಿರದಲ್ಲೇ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್‌ನಲ್ಲಿ ಫ್ಲೂ, ಕೋವಿಡ್ ನೋಡಲು ಆಗುವುದಾದರೆ ಅದು. ಇಲ್ಲದಿದ್ದರೆ ಮಡಿಕೇರಿಗೆ ಆರ್‌ಟಿ–ಪಿಸಿಆರ್ ಸ್ಯಾಂಪಲ್, ಅದರ ಜೊತೆಗೇ ಡಾಕ್ಟರ್ ಹೇಳಿದ ಮಾತ್ರೆ. ಕಾರ್ಡ್ ಮಾತ್ರ ಮಾಡಿಸಿ ನೆಗೆಟಿವ್ ಬಂತು ಅಂತ ಸುಮ್ಮನಾಗುವುದು ಇವರಿಗೆ ಬೇಡವೇ ಬೇಡ.

ಆರು ತಿಂಗಳ ಒಳಗಿನ ಕೂಸಿಗೆ ಟೆಸ್ಟ್‌ಗಿಂತ ಮೊದಲು ಎದೆ ನೋಡಿ. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿದೆಯಾ? ಹಾಲು ಬಿಟ್ಟಿದೆಯಾ? ಆರ್‌ಎಸ್‌ವಿ ಅಂತ ಹೆಸರು ಗೊತ್ತಾದರೂ ಆ ಕೂಸಿಗೆ ಬೇಕಾದ್ದು ಆಕ್ಸಿಜನ್ ಮತ್ತು ಹೊಟ್ಟೆಗೆ ಹಾಲು. ರಾತ್ರಿ ಆದರೂ ಹೊರಡಿ, ಸ್ವಾಬ್ ಅಲ್ಲಿ ತೆಗೆಯುತ್ತಾರೆ.

ತೋಟದ ಮಾಲೀಕರಿಗೆ, ತೋಟದ ಕೆಲಸ, ಲೆಕ್ಕ ನೋಡುವ ರೈಟರ್‌ಗಳಿಗೆ ಒಂದು ಕೋರಿಕೆ. ಲೈನ್ ಮನೆಯಲ್ಲಿ ಜ್ವರ ಕಂಡರೆ ಎಲ್ಲರಿಗೂ ಪಿಸಿಆರ್ ಮಾಡಿಸಿ ನೆಗೆಟಿವ್ ಬಂದವರು ಮಾತ್ರ ಕೆಲಸಕ್ಕೆ ಬನ್ನಿ ಅಂತ ಹೇಳಬೇಡಿ. 2021ರಲ್ಲಿ ಕೇರಳ ಗಡಿಯ ಮಾಕುಟ್ಟ ಗೇಟಿನಲ್ಲಿ ಕೋವಿಡ್‌ಗಾಗಿ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ತೋರಿಸಬೇಕಿತ್ತಲ್ಲ, ಆ ಅಭ್ಯಾಸ ಕೆಲವರಲ್ಲಿ ಇನ್ನೂ ಉಳಿದಿದೆ. ಮೇಲೆ ಹೇಳಿದ ಹಾಗೆ ಸತ್ತ ವೈರಸ್ಸಿನ ಚೂರಿಗೂ ಪಾಸಿಟಿವ್ ಬರುತ್ತದೆ. ಹುಷಾರಾದ ಕೂಲಿಯವರು ವಾರಗಟ್ಟಲೆ ಕೂಲಿ ಕಳೆದುಕೊಳ್ಳುತ್ತಾರೆ. ಆಮೇಲೆ ಜ್ವರ ಬಂದರೂ ಯಾರೂ ಹೇಳುವುದಿಲ್ಲ. ಶಾಲೆ, ಹಾಸ್ಟೆಲ್‌ನವರಿಗೂ ಇದೇ ಮಾತು. ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ, ಮಗು ಊಟ ಮಾಡುತ್ತಾ ಲವಲವಿಕೆಯಿಂದ ಇದ್ದರೆ, ಮಾಸ್ಕ್ ಹಾಕಿ ಕಳಿಸಬಹುದು. ‘ನೆಗೆಟಿವ್ ಆಗಿದೆ ಅಂತ ಒಂದು ರಿಪೋರ್ಟ್ ಕೊಡಿ’ ಅಂತ ಪೋಷಕರು ಬಂದರೆ ನಾನು ಸ್ವಾಬ್ ತೆಗೆಯುವುದಿಲ್ಲ. ಆ ಶಾಲೆಗೆ ಫೋನ್ ಮಾಡಿ ಮಾತಾಡುತ್ತೇನೆ.